ಗುರುಮಲ್ಲಪ್ಪನ ಕಾರು, ಶಿವರಾಮುವಿನ ಎಂಜಿನ್

ಮುನಿಸಿಕೊಂಡವರು ಮಾತು ಬಿಡುವುದುಂಟು, ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ರಸ್ತೆಯ ಆಚೆ ಬದಿಗೆ ದಾಟುವುದುಂಟು, ಒಂದಷ್ಟು ಕುಡಿದು ಬಂದು ಗೇಟಿನ ಮುಂದೆ ಕೂಗಾಡುವುದೂ ಉಂಟು. ಶಿವರಾಮು ಇದ್ಯಾವುದನ್ನೂ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು, ಮೂರು ಕಬ್ಬಿಣದ ಪೈಪು, ಚೈನ್ ಪುಲ್ಲಿ, ಸ್ಪ್ಯಾನರ್ ಪೆಟ್ಟಿಗೆಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ಹೂಟಗಳ್ಳಿಯಿಂದ ಹೊರಟು ಶ್ರೀರಾಂಪುರದ ಗುರುಮಲ್ಲಪ್ಪನ ಮನೆಯ ಮುಂದೆ ಇಳಿದ. ಗೇಟು ತೆಗೆಯಲು ಬಂದ ಗುರುಮಲ್ಲಪ್ಪನಿಗೆ ಒಂದು ನಮಸ್ಕಾರವನ್ನೂ ಹೇಳದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಆಡಿಬಿಟ್ಟ.

"ಗುರುಮಲ್ಲಣ್ಣ, ನನ್ನ ಎಂಜಿನ್ ಬಿಚ್ಕೊಂಡೋಗಕ್ಕೆ ಬಂದಿವ್ನಿ."

ಯಾರ ಕಾರು, ಯಾರ ಎಂಜಿನ್ ಎಂಬುದನ್ನು ಮೊದಲು ಹೇಳಿಬಿಡಬೇಕು. ಪೋರ್ಟಿಕೋದಲ್ಲಿ ನಿಂತಿದ್ದ ಬಿಳಿ ಅಂಬಾಸಿಡರ್ ಗುರುಮಲ್ಲಪ್ಪನದು. ಮಾವನ ಮನೆಯಿಂದ ಬಂದದ್ದು. ಬರುವಾಗಲೇ ಅದರ ಎಂಜಿನ್ ಸತ್ತುಹೋಗಿತ್ತು. ಗುಜರಿಗೆ ಹಾಕುವುದೇ ಸರಿ ಎಂದು ಅವನು ಕೈಚೆಲ್ಲಿ ಕೂತಾಗ ತಡೆದವನು ಶಿವರಾಮು. ಹಳೆಯ ವ್ಯಾನೊಂದರ ಡೀಸೆಲ್ ಎಂಜಿನ್ ತಂದು, ತನ್ನ ಮನೆಯ ಹಿತ್ತಲಲ್ಲಿ ಬಿಚ್ಚಿ ಹರಡಿಕೊಂಡು, ಒಂದೊಂದು ಭಾಗವನ್ನೂ ತೊಳೆದು, ತಿಕ್ಕಿ, ಸವೆದದ್ದನ್ನು ಬದಲಿಸಿ, ಒಂದು ಬೇಸಿಗೆಯನ್ನೆಲ್ಲ ಅದಕ್ಕೇ ಸುರಿದು ಈ ಕಾರಿಗೆ ಕೂರಿಸಿದ್ದ. ಕಾಗದಪತ್ರಕ್ಕೆಂದು ಆರ್‌ಟಿಓ ಆಫೀಸಿಗೆ ಇಬ್ಬರೂ ಜೊತೆಯಾಗಿ ಅಲೆದಿದ್ದರು. ಕಾರು ಮೊದಲ ಸಲ ಗುಡುಗುಟ್ಟಿದಾಗ ಗುರುಮಲ್ಲಪ್ಪ ಅವನ ಹೆಗಲ ಮೇಲೆ ಕೈಹಾಕಿ, "ಮೈ ನಂದು, ಜೀವ ನಿಂದು ಕಣಯ್ಯ. ಎಂಜಿನ್ ಯಾವತ್ತಿದ್ರೂ ನಿಂದೇ" ಎಂದಿದ್ದ. ಮಾರನೆಯ ದಿನ ಫ್ಯಾಕ್ಟರಿಯ ಕ್ಯಾಂಟೀನಿನಲ್ಲೂ ಎಲ್ಲರ ಮುಂದೆ ಅದನ್ನೇ ಹೇಳಿದ್ದ.

ಫ್ಯಾಕ್ಟರಿ ಎಂದರೆ ಮೇಟಗಳ್ಳಿಯದು. ಇಬ್ಬರೂ ಅಲ್ಲಿ ಫಿಟ್ಟರುಗಳು, ಒಂದೇ ಶಿಫ್ಟು, ಒಂದೇ ಬೆಂಚು. ಪ್ರೆಸ್ ಮಿಷನ್ನುಗಳ ಸದ್ದಿಗೆ ಪಕ್ಕದವನ ಮಾತು ಪಕ್ಕದವನಿಗೆ ಕೇಳದ ಜಾಗ ಅದು. ಅಲ್ಲಿನವರು ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದರು. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ಆ ಭಾಷೆಯಲ್ಲಿ ಇವರಿಬ್ಬರಷ್ಟು ಸಲೀಸಾಗಿ ಮಾತಾಡುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಶಿವರಾಮು ಗುರುಮಲ್ಲಪ್ಪನಿಗೆ ನೀವು ಎನ್ನುತ್ತಿದ್ದ, ಗುರುಮಲ್ಲಪ್ಪ ಅವನಿಗೆ ನೀನು ಎನ್ನುತ್ತಿದ್ದ. ವಯಸ್ಸಿನಲ್ಲಿ ಹಿರಿಯ, ಅದಕ್ಕೇ ಹಾಗೆ ಎಂದು ಶಿವರಾಮು ತಿಳಿದಿದ್ದ. ಹೋದ ತಿಂಗಳವರೆಗೂ ಹಾಗೇ ತಿಳಿದಿದ್ದ.

ಹೋದ ತಿಂಗಳು ಗುರುಮಲ್ಲಪ್ಪನ ಮಗಳು ನಿಶ್ಚಿತಾಳ ಮದುವೆ ಆಯಿತು. ಮದುವೆಗೆ ಮುಂಚೆ ಮಠದ ಸ್ವಾಮಿಗಳನ್ನು ಮನೆಗೆ ಕರೆಸಿ ಪಾದಪೂಜೆ ಮಾಡಿಸಬೇಕೆಂದು ಗೊತ್ತಾಗಿತ್ತು. ಸ್ವಾಮಿಗಳು ಎಲ್ಲಿಗೆ ಹೋದರೂ ಮಠದ ಕಾರಿನಲ್ಲೇ ಹೋಗುವವರು. ಆದರೆ ಗುರುಮಲ್ಲಪ್ಪನಿಗೆ ಬೀಗರ ಮುಂದೆ ಮೆರೆಯುವ ಆಸೆ. ಬುದ್ಧಿಯವರು ನಮ್ಮ ಬಿಳಿ ಕಾರಿನಲ್ಲೇ ಬಂದು ಇಳಿಯಬೇಕು ಎಂದು ಹಟ ಹಿಡಿದು, ಮಠಕ್ಕೆ ಫೋನ್ ಮಾಡಿ ಒಪ್ಪಿಸಿದ್ದ. ಶಿವರಾಮುವಿಗಂತೂ ತನ್ನ ಮಗಳದೇ ಮದುವೆ ಅನ್ನುವಷ್ಟು ಸಡಗರ. ಮೂರು ಸಂಜೆ ಕೂತು ಕಾರಿಗೆ ಪಾಲಿಶ್ ಹೊಡೆದ, ಸೀಟಿಗೆ ಹೊಸ ಬಟ್ಟೆ ಹೊಲಿಸಿದ. ಆ ಕಾರನ್ನು ಓಡಿಸುತ್ತಿದ್ದವನೂ ಅವನೇ. ಗುರುಮಲ್ಲಪ್ಪನಿಗೆ ಕಣ್ಣು ಮಂಜು. ಅವನ ಹೆಂಡತಿ ಪುಟ್ಟಬಸಮ್ಮನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿರಲಿ, ನಂಜನಗೂಡಿಗೆ ಪೂಜೆಗೆ ಹೋಗುವುದಿರಲಿ, ಫೋನ್ ಬರುತ್ತಿದ್ದದ್ದು ಹೂಟಗಳ್ಳಿಗೆ.

ಪಾದಪೂಜೆಯ ಬೆಳಿಗ್ಗೆ ಶಿವರಾಮು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದು ಡ್ರೈವರ್ ಸೀಟಿನ ಬಾಗಿಲಿಗೆ ಕೈಹಾಕಿದ. ಗುರುಮಲ್ಲಪ್ಪ ಬಂದು ಆ ಬಾಗಿಲಿಗೆ ಒರಗಿ ನಿಂತ.

"ಇವತ್ತು ಬ್ಯಾಡ ಕಣಯ್ಯ. ಇವತ್ತು ನೀನು ಗೆಸ್ಟು. ಕಿರಣ ಹೋಗ್ತಾನೆ ಬುಡು."

ಕಿರಣ ಎಂದರೆ ಗುರುಮಲ್ಲಪ್ಪನ ತಮ್ಮನ ಮಗ ಶಿವಕಿರಣ್. ಒಳ್ಳೆಯ ಹುಡುಗ, ಆದರೆ ಆ ಕಾರಿನ ಗೇರು ಯಾವ ಕಡೆಗೆ ಬೀಳುತ್ತದೆಂದೂ ಅವನಿಗೆ ಗೊತ್ತಿರಲಿಲ್ಲ. ಕೀ ತಿರುಗಿಸಿದ, ಕಾರು ಕೆಮ್ಮಿ ಸುಮ್ಮನಾಯಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಬೀಗರು ಜಗಲಿಯಲ್ಲಿ ಸಾಲಾಗಿ ಕೂತು ನೋಡುತ್ತಿದ್ದಾರೆ, ಮಠದಲ್ಲಿ ಸ್ವಾಮಿಗಳು ಕಾಯುತ್ತಿದ್ದಾರೆ. "ಶಿವರಾಮೂ, ಒಸಿ ನೋಡಯ್ಯ!" ಎಂದು ಗುರುಮಲ್ಲಪ್ಪನೇ ಕೂಗಿದ. ಶಿವರಾಮು ಬಾನೆಟ್ ಎತ್ತಿ, ಬಿಳಿ ಶರ್ಟಿನ ತೋಳು ಮಡಚಿ, ಡೀಸೆಲ್ ಪಂಪಿನಲ್ಲಿ ಸೇರಿದ್ದ ಗಾಳಿಯನ್ನು ಆಚೆ ಬಿಟ್ಟ. ಎಂಜಿನ್ ಅವನ ಕೈ ಗುರುತು ಹಿಡಿದಂತೆ ಶುರುವಾಯಿತು. ಅವನು ಕೈ ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಶಿವಕಿರಣ್ ಗೇಟು ದಾಟಿಸಿಯಾಗಿತ್ತು. ಇಸ್ತ್ರಿ ಶರ್ಟಿಗೆ ಎಣ್ಣೆ ಬಳಿದುಕೊಂಡು ಶಿವರಾಮು ಹೊಗೆಯಲ್ಲಿ ನಿಂತಿದ್ದ. ಅವನ ಕೈ ಎಂಜಿನ್ ಮುಟ್ಟಬಹುದು, ಸ್ಟೀರಿಂಗ್ ಮುಟ್ಟುವಂತಿಲ್ಲ!

ಅವನ ಜಾತಿ ಯಾವುದೆಂದು ಆ ಜಗಲಿಯಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಅವನ ಅಪ್ಪ ಪುಟ್ಟಮಾದಯ್ಯ ಊರಾಚೆಯ ಕೇರಿಯಿಂದ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಬಂದವನು. ಶಿವರಾಮುವಿನ ಮನೆಯ ಗೋಡೆಯ ಮೇಲೆ ಈಗ ಬುದ್ಧನ ಪಟವಿದೆ. ಆದರೆ ಗುರುಮಲ್ಲಪ್ಪನ ಮನೆಯಲ್ಲಿ ಅವನಿಗೆಂದು ಬೇರೆ ಲೋಟ ಯಾವತ್ತೂ ಇರಲಿಲ್ಲ. ಫ್ಯಾಕ್ಟರಿಯ ಬಸವ ಜಯಂತಿಯಲ್ಲಿ ಶರಣರ ಬಗ್ಗೆ ಗಂಟಲು ಕಟ್ಟುವಷ್ಟು ಭಾಷಣ ಮಾಡಿದವನೂ ಇದೇ ಗುರುಮಲ್ಲಪ್ಪ. ಹಾಗಾಗಿ ಶಿವರಾಮು ಅವತ್ತು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇದು ಗುರುಮಲ್ಲಣ್ಣನ ಕೆಲಸವಲ್ಲ, ಮಠದ ಕಟ್ಟುಪಾಡಿರಬೇಕು, ಪಾಪ ಅವನಾದರೂ ಏನು ಮಾಡಿಯಾನು ಎಂದುಕೊಂಡು, ಎಲೆಯ ಮುಂದೆ ಕೂತು ಹೋಳಿಗೆಯನ್ನೂ ತಿಂದ. ಒಬ್ಬನನ್ನು ನಂಬಬೇಕೆಂದು ತೀರ್ಮಾನ ಮಾಡಿಕೊಂಡವನು ತನಗೆ ತಾನೇ ಎಷ್ಟು ಬೇಕಾದರೂ ಸುಳ್ಳು ಹೇಳಿಕೊಳ್ಳುತ್ತಾನೆ.

ಆ ಸುಳ್ಳು ಬಾಳಿದ್ದು ಮದುವೆ ಮಂಟಪದವರೆಗೆ. ಅಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವನು ಮೂಗಯ್ಯ, ಶಿವರಾಮುವಿನ ಹೆಂಡತಿ ಮಾಲಾಳಿಗೆ ದೂರದ ನೆಂಟ, ಅವಳ ಕೇರಿಯವನೇ.

"ನೀವೇನ್ ಇಲ್ಲಿ?" ಎಂದ ಶಿವರಾಮು.

"ಬುದ್ಧಿಯೋರ್ನ ಕರ್ಕೊಂಡ್ ಬಂದಿವ್ನಿ ಕಣ್ ಬಾವ. ಮಠದ ಕಾರಿಗೆ ನಾನೇ ಅಲ್ವಾ ಡ್ರೈವರ್ರು? ಅವತ್ತು ಪಾದಪೂಜೆಗೆ ಮಾತ್ರ ನಿಮ್ಮ ದೋಸ್ತರು ಫೋನ್ ಮಾಡಿ ನಮ್ಮ ಕಾರು ಬ್ಯಾಡ ಅಂದ್ಬುಟ್ರಂತೆ."

ಶಿವರಾಮುವಿನ ಕೈಯಲ್ಲಿ ತುತ್ತು ಹಾಗೇ ನಿಂತಿತು. "ಬುದ್ಧಿಯೋರಿಗೆ ಗೊತ್ತಾ, ನೀವು ಯಾವ ಪೈಕಿ ಅಂತ?"

"ಗೊತ್ತಿಲ್ದೆ ಏನು? ದಾರೀಲಿ ನಾನು ಮನೆಯಿಂದ ತಂದಿರೋ ನೀರೇ ಕುಡೀತಾರೆ. ಅವ್ರು ಅದನ್ನೆಲ್ಲಾ ನೋಡಕಿಲ್ಲ ಕಣ್ ಬಾವ."

ಸ್ವಾಮಿಗಳು ನೋಡುವುದಿಲ್ಲ. ಮಠ ನೋಡುವುದಿಲ್ಲ. ಹಾಗಾದರೆ ಆ ಬಾಗಿಲಿಗೆ ಒರಗಿ ನಿಂತವನು ಯಾರು? ಕೇಳೋಣವೆಂದರೆ ಶಿವರಾಮುವಿಗೆ ನಾಲಿಗೆ ಏಳಲಿಲ್ಲ. ಫಿಟ್ಟರನಿಗೆ ಬರುವುದು ಫಿಟ್ಟರನ ಬುದ್ಧಿಯೇ ತಾನೇ. ಎಂಜಿನ್ ಬಿಚ್ಚಲು ಹೋಗುತ್ತೇನೆ, ಆಗ ಅವನೇ ಬಾಯಿ ಬಿಡುತ್ತಾನೆ ಎಂದು ಲೆಕ್ಕ ಹಾಕಿದ. ಎಂಜಿನ್ ಕಟ್ಟಿಕೊಂಡು ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಬೇಕಾಗಿದ್ದದ್ದು ಒಂದು ಮಾತು. "ಬ್ಯಾಡ ಬುಡಯ್ಯ, ನಂದು ತಪ್ಪಾಯ್ತು" ಎಂದು ಗುರುಮಲ್ಲಪ್ಪ ಒಂದು ಸಲ ಅಂದುಬಿಟ್ಟರೆ ಸಾಕು, ಬಿಚ್ಚಿದ ಬೋಲ್ಟನ್ನೆಲ್ಲ ವಾಪಸು ಬಿಗಿದು, ಕಾಫಿ ಕುಡಿದು ಬರುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದ.

ಈಗ ಗೇಟಿನಲ್ಲಿ ನಿಂತ ಗುರುಮಲ್ಲಪ್ಪ ಪೈಪುಗಳನ್ನು ನೋಡಿದ, ಪುಲ್ಲಿಯನ್ನು ನೋಡಿದ, ಶಿವರಾಮುವಿನ ಮುಖವನ್ನು ನೋಡಿದ. ಯಾಕೆಂದು ಕೇಳಲಿಲ್ಲ. "ಬಾನೆಟ್ಟು ಒಬ್ಬನ ಕೈಲಿ ಆಗಕಿಲ್ಲ, ತಡಿ" ಎಂದು ಪಂಚೆ ಎತ್ತಿ ಕಟ್ಟಿದ.

ಒಳಗೊಳಗೇ ನೊಂದಿದ್ದಾನೆ, ತೋರಿಸಿಕೊಳ್ಳುತ್ತಿಲ್ಲ ಎಂದುಕೊಂಡ ಶಿವರಾಮು. ಬಾನೆಟ್ ಕಳಚಿ ಗೋಡೆಗೆ ಒರಗಿಸುವಷ್ಟರಲ್ಲಿ ಮಾತು ಬಂದೇ ಬರುತ್ತದೆಂದು ನಂಬಿದ. ಕಾರನ್ನು ಪೋರ್ಟಿಕೋದಿಂದ ಅರ್ಧ ಆಚೆಗೆ ತಳ್ಳಿದರು. ಬಾನೆಟ್ ಕಳಚಿದರು. ಮಾತು ಬರಲಿಲ್ಲ. ಬ್ಯಾಟರಿ ವೈರು ಬಿಚ್ಚಿ, ರೇಡಿಯೇಟರಿನ ನೀರು ಬಿಟ್ಟು, ಹಳೆಯ ಬೇಸಿನ್ ಇಟ್ಟು ಆಯಿಲ್ ಇಳಿಸಿದರು. ಕಪ್ಪು ಎಣ್ಣೆ ತೆಳ್ಳಗೆ ಎಳೆಯಾಗಿ ಬೀಳುವುದನ್ನು ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಮಾತಾಡುವುದಕ್ಕೆ ಅಷ್ಟು ಬಿಡುವು, ಅಷ್ಟು ಹತ್ತಿರ ಬೇರೆಲ್ಲಿ ಸಿಗಬೇಕು? ಎಣ್ಣೆ ಪೂರ್ತಿ ಇಳಿಯಿತು. ಗುರುಮಲ್ಲಪ್ಪ ಬೇಸಿನ್ ಎತ್ತಿ ಪಕ್ಕಕ್ಕಿಟ್ಟ.

ಶಿವರಾಮು ಬೇಕೆಂದೇ ನಿಧಾನ ಮಾಡಿದ. ಬಿಚ್ಚಿದ ಬೋಲ್ಟುಗಳನ್ನು ತಟ್ಟೆಯಲ್ಲಿ ಜೋಡಿಸಿದ, ಜೋಡಿಸಿದ್ದನ್ನು ಕೆಡಿಸಿ ಮತ್ತೆ ಜೋಡಿಸಿದ. ಗುರುಮಲ್ಲಪ್ಪನೋ, ಮಂಜುಗಣ್ಣಿನವನು, ಅವತ್ತು ಅವನಿಗೆ ಎಲ್ಲಿಲ್ಲದ ಚುರುಕು. ಹೋಸ್ ಪೈಪು ಎಳೆದ, ಸೈಲೆನ್ಸರಿನ ಜಾಯಿಂಟು ಬಿಚ್ಚಿದ, ಇವನು ಕೈ ಚಾಚುವ ಮುಂಚೆಯೇ ಸ್ಪ್ಯಾನರನ್ನು ಕೈಗಿಟ್ಟ. ಜೊತೆಯ ಕೆಲಸದ ಆ ಹಳೆಯ ಲಯ ಒಂದಿಷ್ಟೂ ಕೆಟ್ಟಿರಲಿಲ್ಲ. ಶಿವರಾಮುವಿಗೆ ಅದು ಹಿತವೂ ಆಯಿತು, ಹೊಟ್ಟೆಯೂ ಉರಿಯಿತು.

ಪುಟ್ಟಬಸಮ್ಮ ಕಾಫಿ ತಂದರು. ಎರಡೂ ಲೋಟ ಒಂದೇ ತಟ್ಟೆಯಲ್ಲಿ, ಎಂದಿನ ಹಾಗೆ.

"ಅಯ್ಯೋ, ಏನ್ ಶಿವರಾಮಣ್ಣ, ಕಾರಿಗೆ ಏನಾಯ್ತು? ಅವತ್ತು ಆ ಕಿರಣ ಬುದ್ಧಿಯೋರ್ನ ಕೂರಿಸ್ಕೊಂಡು ಹಂಪಿನ ಮೇಲೆಲ್ಲಾ ಎಗರಿಸ್ಬುಟ್ನಂತೆ. ಅದಕ್ಕೇ ಕೆಟ್ಟಿರ್ಬೇಕು. ನೀವೇ ಓಡಿಸ್ಬೇಕಾಗಿತ್ತು."

ಶಿವರಾಮು ಲೋಟ ಬಾಯಿಯ ಹತ್ತಿರ ಹಿಡಿದುಕೊಂಡು ಗುರುಮಲ್ಲಪ್ಪನ ಮುಖವನ್ನೇ ನೋಡಿದ. ಗುರುಮಲ್ಲಪ್ಪ ತನ್ನ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, "ಒಸಿ ಕೆಲ್ಸ ಅದೆ ಕಣೇ, ನೀನು ಒಳೀಕ್ ಹೋಗು" ಎಂದು ಹೆಂಡತಿಯನ್ನು ಕಳಿಸಿ ಕಾರಿನ ಕೆಳಗೆ ತೂರಿದ.

ಇನ್ನು ಕಾಯಲಾಗಲಿಲ್ಲ. ಕಾರಿನ ಕೆಳಗಿದ್ದವನ ಕಾಲುಗಳಿಗೆ ಶಿವರಾಮು ಹೇಳಿದ, "ಮದುವೇಲಿ ಮೂಗಯ್ಯ ಸಿಕ್ಕಿದ್ದ."

"ಯಾವ ಮೂಗಯ್ಯ?"

"ಮಠದ ಡ್ರೈವರ್ರು. ನಮ್ಮ ಮಾಲಾ ಕಡೆಯವ್ನು. ನಮ್ಮವ್ನೇ."

ಸ್ಪ್ಯಾನರಿನ ಸದ್ದು ನಿಂತಿತು.

"ಅಂಗಾ? ನಂಗೊತ್ತಿರ್ಲಿಲ್ಲ ಕಣಯ್ಯ," ಎಂದ ಗುರುಮಲ್ಲಪ್ಪ. "ಬುದ್ಧಿಯೋರು ಏನೂ ಅನ್ನಕಿಲ್ಲ ಅಂತ ಮೊದ್ಲೇ ಗೊತ್ತಿದ್ದಿದ್ರೆ ನಿನ್ನೇ ಕಳಿಸ್ತಿದ್ದೆ. ಬೀಗ್ರು ಬ್ಯಾರೆ ಕೂತಿದ್ರಲ್ಲ."

ಸ್ಪ್ಯಾನರ್ ಮತ್ತೆ ಕಿರುಗುಟ್ಟಿತು. ಶಿವರಾಮುವಿಗೆ ಯಾರೋ ಕೆನ್ನೆಗೆ ಹೊಡೆದು, ಹೊಡೆದದ್ದಕ್ಕೆ ಕಾರಣವನ್ನೂ ವಿವರಿಸಿದ ಹಾಗಾಯಿತು. ಇನ್ನೊಬ್ಬರು ಅಪ್ಪಣೆ ಕೊಟ್ಟಿದ್ದರೆ ತಾನು ಇವನಿಗೆ ಮನುಷ್ಯ! ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಬುತ್ತಿ ಹಂಚಿಕೊಂಡದ್ದಕ್ಕೆ ಯಾವ ಸ್ವಾಮಿಗಳ ಅಪ್ಪಣೆ ಇತ್ತು? ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ಅಷ್ಟಾದ ಮೇಲೂ ಅವನ ಮನಸ್ಸು ನಾಚಿಕೆಯಿಲ್ಲದೆ ಕಾಯುತ್ತಲೇ ಇತ್ತು. ಅರ್ಧ ಮಾತು ಬಂದಿದೆ, ಇನ್ನರ್ಧ ಬರುತ್ತದೆ, ಎಂಜಿನ್ ಜಾಗ ಬಿಟ್ಟು ಮೇಲೇಳುವುದನ್ನು ಕಣ್ಣಾರೆ ಕಂಡಾಗ ಬಾಯಿಗೆ ಬರುತ್ತದೆ ಎಂದು ಹೇಳುತ್ತಿತ್ತು.

ಮೂರು ಪೈಪುಗಳನ್ನು ಮೇಲೆ ಸೇರಿಸಿ ಕಟ್ಟಿ, ಕಾರಿನ ಮೂತಿಯ ಸುತ್ತ ಮೂರು ಕಾಲುಗಳನ್ನು ಅಗಲಿಸಿ ನಿಲ್ಲಿಸಿದರು. ಮೇಲೆ ಪುಲ್ಲಿ ನೇತುಹಾಕಿ, ಎಂಜಿನ್ನಿಗೆ ಸರಪಳಿ ಸುತ್ತಿದರು. ಗೇರ್ ಬಾಕ್ಸಿನ ಕೆಳಗೆ ಜಾಕ್ ಕೊಟ್ಟು ಎರಡರ ನಡುವಿನ ಬೋಲ್ಟುಗಳನ್ನು ತೆಗೆದರು. ಉಳಿದದ್ದು ಎಂಜಿನ್ ಕೂತಿದ್ದ ರಬ್ಬರಿನ ಬೋಲ್ಟು, ಎಡಕ್ಕೊಂದು ಬಲಕ್ಕೊಂದು. ಎಡದ್ದನ್ನು ಗುರುಮಲ್ಲಪ್ಪ ತೆಗೆದ, ಬಲದ್ದನ್ನು ಶಿವರಾಮು ತೆಗೆದ.

ಶಿವರಾಮು ಪುಲ್ಲಿಯ ಸರಪಳಿ ಹಿಡಿದ. ಗುರುಮಲ್ಲಪ್ಪ ಎಂಜಿನ್ನಿನ ಪಕ್ಕ ನಿಂತು ಬೆರಳು ಮೇಲೆ ಮಾಡಿ ತಿರುಗಿಸಿದ. ಎತ್ತು. ಸರಪಳಿ ಕಟಕಟ ಎಂದಿತು, ಕಾರಿನ ಮೂತಿ ಹಗುರಾಗಿ ಮೇಲೆದ್ದಿತು, ಎಂಜಿನ್ ಕದಲಿತು. ಇನ್ನೂ ಎತ್ತು. ಗೇರ್ ಬಾಕ್ಸಿನಿಂದ ಬಿಡಿಸಿಕೊಂಡು ಎಂಜಿನ್ ಒಂದು ಗೇಣು ಮುಂದಕ್ಕೆ ಬಂದು ತೂಗಾಡಿತು. ಇನ್ನೂ ಎತ್ತು.

ಆಗ ಗುರುಮಲ್ಲಪ್ಪ ಮುಷ್ಟಿ ಹಿಡಿದು ಕೈ ಎತ್ತಿದ. ನಿಲ್ಲಿಸು.

ಶಿವರಾಮು ನಿಂತ. ಕೊನೆಗೂ! ಕಣ್ಣು ತುಂಬಿ ಬಂತು. ಏನೂ ಪರವಾಗಿಲ್ಲ ಗುರುಮಲ್ಲಣ್ಣ, ಈಗಲೇ ಇಳಿಸಿಬಿಡೋಣ, ಸಂಜೆಯೊಳಗೆ ಕಟ್ಟಿ ಸ್ಟಾರ್ಟ್ ಮಾಡೋಣ ಎಂಬ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು.

ಗುರುಮಲ್ಲಪ್ಪ ಬಗ್ಗಿ, ಎಂಜಿನ್ನಿನ ಹಿಂದೆ ಕೈಹಾಕಿ ತಡಕಾಡಿದ. "ಇಲ್ಲೊಂದು ವೈರು ಬಿಚ್ಚೋದು ಮರ್ತಿದ್ವಿ ನೋಡು," ಎಂದ. ವೈರನ್ನು ಕಿತ್ತು ಪಕ್ಕಕ್ಕೆ ಬಿಟ್ಟು, ಮತ್ತೆ ಬೆರಳು ಮೇಲೆ ಮಾಡಿ ತಿರುಗಿಸಿದ.

ಶಿವರಾಮು ಎತ್ತಿದ. ಅಲ್ಲಿಂದಾಚೆಗೆ ಅವನು ನಿಧಾನ ಮಾಡಲಿಲ್ಲ. ಎಂಜಿನ್ ಕಾರಿನ ಅಂಚನ್ನು ದಾಟಿ ಮೇಲೆ ಬಂದ ಮೇಲೆ ಇಬ್ಬರೂ ಸೇರಿ ಕಾರನ್ನು ಹಿಂದಕ್ಕೆ, ಪೋರ್ಟಿಕೋದೊಳಕ್ಕೆ ತಳ್ಳಿದರು. ಭಾರ ಇಳಿದ ಗಾಡಿ ಬೆರಳಲ್ಲಿ ತಳ್ಳಿದರೂ ಹೋಗುವಷ್ಟು ಸಲೀಸಾಗಿ ಹೋಯಿತು. ಬೀದಿಯಲ್ಲಿ ಕಾಯುತ್ತಿದ್ದ ಲಗೇಜ್ ಆಟೋದವನು ಗಾಡಿಯನ್ನು ರಿವರ್ಸ್ ತಂದು ನಿಲ್ಲಿಸಿದ. ಶಿವರಾಮು ಎಂಜಿನ್ನನ್ನು ಅದರ ಮೇಲೆ ಇಳಿಸಿ, ಅಡಿಗೆ ಟೈರು ಕೊಟ್ಟು, ಹಗ್ಗ ಬಿಗಿದ. ಪೈಪು, ಪುಲ್ಲಿ, ಪೆಟ್ಟಿಗೆ ಎಲ್ಲವೂ ಏರಿದವು. ಗುರುಮಲ್ಲಪ್ಪ ಕೊಳಾಯಿಯ ಹತ್ತಿರ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಟವೆಲಿನಲ್ಲಿ ಒರೆಸಿಕೊಳ್ಳುತ್ತ ಗೇಟಿನವರೆಗೆ ಬಂದ. ಅವನ ಮುಖ ತಿಳಿಯಾಗಿತ್ತು. ಬೆಳಿಗ್ಗೆಯಿಂದ ಇರದಿದ್ದ ಒಂದು ಸಲಿಗೆ ಅದರಲ್ಲಿತ್ತು.

"ನಿಜ ಹೇಳ್ಲಾ ಶಿವರಾಮು? ನೀನು ಬಂದಿದ್ದು ಒಳ್ಳೇದೇ ಆಯ್ತು. ಹೊಸ ಕಾರು ಬುಕ್ ಮಾಡಿವ್ನಿ, ಮುಂದಿನ ವಾರ ಬತ್ತದೆ. ಕಿರಣ ಓಡಿಸ್ತಾನೆ. ಇದನ್ನ ಗುಜರಿಗೆ ಹಾಕ್ಬೇಕು, ಆದ್ರೆ ಎಂಜಿನ್ ನಿಂದು, ನಿನ್ ಮುಂದೆ ಎಂಗಪ್ಪಾ ಹೇಳೋದು ಅಂತ ನಂಗೆ ನಿದ್ದೇನೇ ಇರ್ಲಿಲ್ಲ. ನೀನಾಗೇ ಬಂದು ಬಿಚ್ಕೊಂಡು ದೊಡ್ಡ ಉಪಕಾರ ಮಾಡ್ಬುಟ್ಟೆ ಕಣಯ್ಯ. ನಿಂಗೂ ಬ್ಯಾಜಾರ್ ಆಗ್ಲಿಲ್ಲ, ನಂಗೂ ಕೆಲ್ಸ ಆಯ್ತು."

ಹಾಗೆಂದು ಎರಡೂ ಕೈ ಜೋಡಿಸಿದ. ಅಷ್ಟು ವರ್ಷಗಳಲ್ಲಿ ಗುರುಮಲ್ಲಪ್ಪ ತನಗೆ ಕೈಮುಗಿದದ್ದನ್ನು ಶಿವರಾಮು ನೋಡಿದ್ದು ಅದೇ ಮೊದಲು. ಅದರಲ್ಲಿ ಕಪಟವೇನೂ ಇರಲಿಲ್ಲ. ನಿಜವಾಗಿಯೂ ಅವನ ತಲೆಯ ಮೇಲಿನ ಭಾರ ಇಳಿದಿತ್ತು. ಜಗಳವಾಡಲು ಬಂದವನ ಜೊತೆ ಜಗಳವಾಡಬಹುದು. ಹೀಗೆ ತುಂಬಿದ ಮನಸ್ಸಿನಿಂದ ಕೃತಜ್ಞತೆ ಹೇಳುವವನ ಮುಂದೆ ಏನು ಮಾಡುವುದು? ಶಿವರಾಮು ತಾನೂ ಕೈಮುಗಿದು ಆಟೋ ಹತ್ತಿದ.

ಹೂಟಗಳ್ಳಿಯ ಮನೆಯ ಹಿತ್ತಲಲ್ಲಿ ಮತ್ತೆ ಪೈಪು ನಿಲ್ಲಿಸಿ, ಆಟೋದವನ ಕೈ ಹಿಡಿಸಿಕೊಂಡು ಎಂಜಿನ್ನನ್ನು ಕೆಳಗಿಳಿಸುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಮಾಲಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು. ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ದಾರಿಯಲ್ಲೇ ಅದು ಕೂತಿತ್ತು.

"ತಂದೇ ಬುಟ್ರಾ! ಇದನ್ನ ಇಟ್ಕೊಂಡು ಏನ್ ಮಾಡಾನ ಅಂತ?" ಎಂದು ರೇಗಿದಳು. ಗಂಡ ಬಿಗಿದಿದ್ದ ಸರಪಳಿಯನ್ನು ಬಿಡಿಸುತ್ತಲೇ ಇದ್ದದ್ದನ್ನು ನೋಡಿ ಅವಳ ದನಿ ಇಳಿಯಿತು. ಹತ್ತಿರ ಬಂದು ಕೇಳಿದಳು, "ಅವ್ರು ಏನೂ ಅನ್ನಲಿಲ್ವಾ?"

"ಅಂದ್ರು," ಎಂದ ಶಿವರಾಮು. "ದೊಡ್ಡ ಉಪಕಾರ ಆಯ್ತು ಅಂದ್ರು."